ಕೆನಡಿ ಹತ್ಯೆಯ ಕಡತಗಳು: ಒಂದೇ ಹಾಳೆ, ಹಲವು ಬಿಡುಗಡೆ

"ಕೆನಡಿ ಹತ್ಯೆಯ ಹೊಸ ಕಡತಗಳು ಹೊರಬಂದವು" ಎಂಬ ಸುದ್ದಿ 2017ರಲ್ಲಿ ಬಂತು, 2022ರಲ್ಲಿ ಬಂತು, 2025ರಲ್ಲಿ ಮತ್ತೆ ಬಂತು. ಈ ವಿಷಯ ಓದಲು ಶುರು ಮಾಡಿದಾಗ ನಾನೂ ಆ 'ಹೊಸ' ಎಂಬ ಮಾತನ್ನು ನಂಬಿದ್ದೆ. ಕಡತಗಳನ್ನೇ ತೆರೆದು ಕೂತ ಮೇಲೆ ಗೊತ್ತಾಯಿತು, ಅವುಗಳಲ್ಲಿ ಬಹುಪಾಲು ಹಿಂದೆಯೇ ಬಂದ ಹಾಳೆಗಳು. ಹಿಂದಿನ ಸಲ ಕಪ್ಪು ಬಳಿದಿದ್ದ ಸಾಲು ಈ ಸಲ ಓದಲು ಸಿಗುತ್ತದೆ, ಅಷ್ಟೆ. ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಅದಕ್ಕೇ ಮೊದಲಿಗೇ ಹೇಳಿದೆ.

ಹಿನ್ನೆಲೆ ಬೇಗ ನೋಡಿಬಿಡೋಣ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಹತ್ಯೆಯಾಯಿತು. ಬಂಧನವಾದ ಲೀ ಹಾರ್ವೆ ಓಸ್ವಾಲ್ಡ್‌ನನ್ನು ಎರಡೇ ದಿನಕ್ಕೆ ಪೊಲೀಸ್ ಕಚೇರಿಯಲ್ಲೇ ಜ್ಯಾಕ್ ರೂಬಿ ಗುಂಡಿಟ್ಟು ಕೊಂದ. ಹೀಗಾಗಿ ಓಸ್ವಾಲ್ಡ್‌ನ ವಿಚಾರಣೆ ಕೋರ್ಟಿನಲ್ಲಿ ನಡೆಯಲೇ ಇಲ್ಲ. ಹತ್ಯೆಯ ತನಿಖೆಗೆ ಸರ್ಕಾರ ನೇಮಿಸಿದ್ದ ವಾರನ್ ಆಯೋಗದ 1964ರ ವರದಿ, ಓಸ್ವಾಲ್ಡ್ ಒಬ್ಬನೇ ಮಾಡಿದ ಕೃತ್ಯ ಎಂದಿತು. 1979ರಲ್ಲಿ ಸಂಸತ್ತಿನ ಕೆಳಮನೆಯ ಸಮಿತಿ, ಬಹುಶಃ ಒಳಸಂಚು ಇತ್ತು ಎಂದಿತು. ಅದಕ್ಕೆ ಮುಖ್ಯ ಆಧಾರ ಒಂದು ಧ್ವನಿಮುದ್ರಣ. 1982ರಲ್ಲಿ ವಿಜ್ಞಾನಿಗಳ ತಂಡ ಅದನ್ನು ಪರೀಕ್ಷಿಸಿ, ಆ ಆಧಾರ ನಿಲ್ಲುವುದಿಲ್ಲ ಎಂದಿತು. ಆದರೆ ಆ ಸಮಿತಿಯ ಕಡತಗಳಿಗೆ 2029ರವರೆಗೆ ಬೀಗ ಬಿದ್ದಿತ್ತು. ನಮಗಿಲ್ಲಿ ಮುಖ್ಯ ಆ ಬೀಗ.

ಕಾನೂನು ಏನು ಹೇಳುತ್ತದೆ

1991ರಲ್ಲಿ ಬಂದ ಒಂದು ಸಿನಿಮಾ ತನ್ನ ಕೊನೆಯಲ್ಲಿ ಈ 2029ರ ವಿಷಯವನ್ನು ಪರದೆಯ ಮೇಲೆ ಬರೆದು ತೋರಿಸಿತು. ಜನ ಕೇಳಲು ಶುರು ಮಾಡಿದರು. 1992ರ ಅಕ್ಟೋಬರ್ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಒಂದು ಪ್ರತ್ಯೇಕ ಕಾನೂನಿಗೆ ಸಹಿ ಹಾಕಿದರು.

ಈ ಕಾನೂನಿನ ಸೊಗಸು ಇರುವುದು ಅದರ ಆರಂಭದಲ್ಲೇ. ಸಾಮಾನ್ಯವಾಗಿ ದಾಖಲೆ ಬೇಕು ಎಂದವರು ಅರ್ಜಿ ಹಾಕಿ ಕಾಯಬೇಕು. ಇಲ್ಲಿ ಅದು ತಲೆಕೆಳಗು. ದಾಖಲೆ ತೆರೆದೇ ಇರಬೇಕು, ಮುಚ್ಚಬೇಕು ಎನ್ನುವ ಇಲಾಖೆಯೇ ಕಾರಣ ತೋರಿಸಬೇಕು. ಆ ಕಾರಣಗಳನ್ನೂ ಕಾನೂನೇ ಪಟ್ಟಿ ಮಾಡಿದೆ: ಗುಪ್ತಚರರ ಗುರುತು, ಗೂಢಚರ್ಯೆಯ ವಿಧಾನ, ಬದುಕಿರುವವರ ಖಾಸಗಿತನ, ಅಧ್ಯಕ್ಷರ ರಕ್ಷಣೆಯ ವ್ಯವಸ್ಥೆ, ಹೀಗೆ ಕೆಲವೇ ಕೆಲವು.

ಕಾರಣ ಸರಿಯೋ ಅಲ್ಲವೋ ಎಂದು ನೋಡಲು ಸರ್ಕಾರಿ ನೌಕರರಲ್ಲದ ಐದು ಜನರ ಪರಿಶೀಲನಾ ಮಂಡಳಿ ಬಂತು. 1994ರಿಂದ 1998ರವರೆಗೆ ಅದು ಕೆಲಸ ಮಾಡಿತು. ಮಂಡಳಿ 'ತೆರೆಯಿರಿ' ಎಂದರೆ ಸಿಐಎ, ಎಫ್‌ಬಿಐ ಕೂಡ ತೆರೆಯಬೇಕು. ತಡೆಯುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ. ಇಷ್ಟು ಬಲ ಇದ್ದದ್ದರಿಂದಲೇ ಲಕ್ಷಾಂತರ ಪುಟಗಳು 90ರ ದಶಕದಲ್ಲೇ ಹೊರಬಂದವು. ಈಗ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ಸರ್ಕಾರಿ ದಾಖಲೆ ಸಂಗ್ರಹಾಲಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 50 ಲಕ್ಷಕ್ಕೂ ಜಾಸ್ತಿ ಪುಟಗಳಿವೆ. ಸುದ್ದಿಯಲ್ಲಿ ದೊಡ್ಡ ಹೆಸರು ಮಾಡಿದ್ದು ಮಾತ್ರ ಆಮೇಲಿನ ಬಿಡುಗಡೆಗಳು. ಆ ಐವರ ಶ್ರಮವನ್ನು ನಾವು ನೆನೆಯುವುದು ಕಡಿಮೆ, ಅದು ನನಗೆ ಬೇಸರದ ವಿಷಯ.

25 ವರ್ಷದೊಳಗೆ, ಅಂದರೆ 2017ರ ಅಕ್ಟೋಬರ್ 26ರ ಹೊತ್ತಿಗೆ, ಎಲ್ಲವೂ ತೆರೆಯಬೇಕಿತ್ತು. ಟ್ರಂಪ್ ಒಂದಿಷ್ಟನ್ನು ಬಿಡುಗಡೆ ಮಾಡಿ ಉಳಿದದ್ದನ್ನು ಮುಂದೂಡಿದರು. ಬೈಡನ್ 2021ರಲ್ಲಿ ಮತ್ತೆ ಮುಂದೂಡಿದರು. 2022ರ ಡಿಸೆಂಬರ್‌ನಲ್ಲಿ 13 ಸಾವಿರಕ್ಕೂ ಹೆಚ್ಚು ದಾಖಲೆಗಳು ಬಂದವು. 2025ರ ಜನವರಿ 23ರ ಆದೇಶದ ನಂತರ, ಮಾರ್ಚ್ 18ರಿಂದ ಇನ್ನೊಂದು ಕಂತು ಬಂತು.

ಹಾಳೆಯನ್ನು ಓದುವುದು ಹೇಗೆ

ಪ್ರತಿ ದಾಖಲೆಗೂ ಮೂರು ಭಾಗದ ಸಂಖ್ಯೆ ಇರುತ್ತದೆ. ಮೊದಲು ಮೂರು ಅಂಕಿ, ಆಮೇಲೆ ಐದು, ಮತ್ತೆ ಐದು. ಮೊದಲ ಮೂರು ಅಂಕಿ ನೋಡಿದರೆ ಕಾಗದ ಯಾರ ಮನೆಯದು ಎಂದು ತಿಳಿಯುತ್ತದೆ. 104 ಎಂದರೆ ಸಿಐಎ, 124 ಎಂದರೆ ಎಫ್‌ಬಿಐ, 180 ಎಂದರೆ ಕೆಳಮನೆಯ ಸಮಿತಿ. ಬಿಡುಗಡೆ ಎಷ್ಟು ಸಲ ಆದರೂ ಈ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ಒಂದೇ ಸಂಖ್ಯೆಯ ಹಳೆಯ ಪ್ರತಿ ಮತ್ತು ಹೊಸ ಪ್ರತಿಯನ್ನು ಅಕ್ಕಪಕ್ಕ ಇಟ್ಟು ಓದಿ. ಸುಮ್ನೆ ಹೊಸದನ್ನು ಮಾತ್ರ ಓದಿದರೆ, ಯಾವ ಪದವನ್ನು ಅಷ್ಟು ವರ್ಷ ಮುಚ್ಚಿಟ್ಟಿದ್ದರು ಎಂಬುದೇ ಗೊತ್ತಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ, ಇದು ಹುಡುಕುವವರಿಗೆ. ಸಿಐಎ 1960ರ ಡಿಸೆಂಬರ್‌ನಲ್ಲಿ ಓಸ್ವಾಲ್ಡ್ ಬಗ್ಗೆ ಕಡತ ತೆರೆದಾಗ ಹೆಸರು ಬರೆದದ್ದು 'ಲೀ ಹೆನ್ರಿ ಓಸ್ವಾಲ್ಡ್' ಎಂದು. ಬರೀ 'ಲೀ ಹಾರ್ವೆ' ಎಂದು ಹುಡುಕಿದರೆ ಇಂಥ ಕಾಗದಗಳು ತಪ್ಪಿಹೋಗಬಹುದು. ಗುಪ್ತನಾಮಗಳದೂ ಇದೇ ಕಥೆ. 'ಕ್ಯುಬಾರ್ಕ್' ಎಂದರೆ ಸಿಐಎ, 'ಓಡೆನ್ವಿ' ಎಂದರೆ ಎಫ್‌ಬಿಐ. 'ಎಎಂ' ಎಂದು ಶುರುವಾದರೆ ಕ್ಯೂಬಾ ವಿಷಯ, 'ಎಲ್ಐ' ಎಂದು ಶುರುವಾದರೆ ಮೆಕ್ಸಿಕೋ. ಈ ನಾಲ್ಕನ್ನು ಬಾಯಿಪಾಠ ಮಾಡಿಕೊಳ್ಳಿ, ಮೊದಲು ಒಗಟಿನ ಹಾಗೆ ಕಾಣುವ ಪುಟ ಮಾತಾಡಲು ಶುರು ಮಾಡುತ್ತದೆ.

ಕಪ್ಪು ಮಸಿಯ ಕೆಳಗೆ ಏನಿತ್ತು

ಕಪ್ಪು ಬಳಿದ ಜಾಗದಲ್ಲಿ ಕೊಲೆಗಾರನ ಹೆಸರಿದೆ ಎಂದು ನಮ್ಮ ಮನಸ್ಸು ಊಹಿಸುತ್ತದೆ, ಅಲ್ವಾ? ಒಂದು ಉದಾಹರಣೆ ನೋಡಿ. 1961ರ ಜೂನ್ 30ರಂದು ಸಲಹೆಗಾರ ಆರ್ಥರ್ ಶ್ಲೆಸಿಂಜರ್, ಸಿಐಎಯನ್ನು ಹೇಗೆ ಸರಿಪಡಿಸಬೇಕು ಎಂದು ಕೆನಡಿ ಅವರಿಗೆ ಒಂದು ಟಿಪ್ಪಣಿ ಬರೆದರು. ಅದರಲ್ಲಿ ಒಂದು ಪುಟಕ್ಕೂ ಜಾಸ್ತಿ ಭಾಗ ದಶಕಗಟ್ಟಲೆ ಮುಚ್ಚಿತ್ತು. 2025ರಲ್ಲಿ ಅದು ಪೂರ್ತಿ ತೆರೆಯಿತು. ಕೆನಡಿ ಅಧಿಕಾರ ವಹಿಸಿಕೊಂಡ ದಿನ ಅಮೆರಿಕದ ರಾಯಭಾರ ಕಚೇರಿಗಳಲ್ಲಿದ್ದ ರಾಜಕೀಯ ಅಧಿಕಾರಿಗಳಲ್ಲಿ ಶೇ. 47ರಷ್ಟು ಮಂದಿ ಸಿಐಎಯವರು ಎಂದು ಅಲ್ಲಿತ್ತು. ಪ್ಯಾರಿಸ್ ಕಚೇರಿಯೊಂದರಲ್ಲೇ 128 ಜನ. ಡಲ್ಲಾಸ್ ಬಗ್ಗೆ ಆ ಭಾಗದಲ್ಲಿ ಒಂದಕ್ಷರ ಇಲ್ಲ. ಇರಲು ಸಾಧ್ಯವೂ ಇಲ್ಲ, ಟಿಪ್ಪಣಿ ಹತ್ಯೆಗಿಂತ ಎರಡು ವರ್ಷ ಹಿಂದಿನದು. ಮುಚ್ಚಿಟ್ಟದ್ದು ಸಿಐಎ ಕೆಲಸ ಮಾಡುವ ರೀತಿಯನ್ನು.

ಹಾಗೆಂದು ಕಡತಗಳಲ್ಲಿ ಏನೂ ಇಲ್ಲ ಎಂದು ಎದ್ದುಬಿಡುವುದೂ ತಪ್ಪು. ಹತ್ಯೆಗೆ ಕೆಲವೇ ವಾರ ಮೊದಲು ಓಸ್ವಾಲ್ಡ್ ಮೆಕ್ಸಿಕೋ ನಗರಕ್ಕೆ ಹೋಗಿ, ಸೋವಿಯತ್ ಮತ್ತು ಕ್ಯೂಬಾ ರಾಜತಾಂತ್ರಿಕ ಕಚೇರಿಗಳ ಬಾಗಿಲು ತಟ್ಟಿದ್ದ. ಅಲ್ಲಿ ಸಿಐಎ ಫೋನ್ ಕದ್ದು ಕೇಳುತ್ತಿತ್ತು. 1963ರ ಅಕ್ಟೋಬರ್ 10ರಂದು ಸಿಐಎ ಮುಖ್ಯ ಕಚೇರಿ ತನ್ನ ಮೆಕ್ಸಿಕೋ ಶಾಖೆಗೆ ಒಂದು ತಂತಿ ಕಳಿಸಿತು. ಓಸ್ವಾಲ್ಡ್ ಬಗ್ಗೆ ತನ್ನ ಬಳಿ ಇರುವ ಕೊನೆಯ ಮಾಹಿತಿ 1962ರ ಮೇ ತಿಂಗಳದು ಎಂದು ಅದರಲ್ಲಿತ್ತು. ಆದರೆ ಅದಕ್ಕಿಂತ ಈಚಿನ ಎಫ್‌ಬಿಐ ವರದಿಗಳು ಅಷ್ಟರಲ್ಲೇ ಮುಖ್ಯ ಕಚೇರಿಗೆ ತಲುಪಿದ್ದವು. ಯಾಕೆ ಹಾಗೆ ಬರೆದರು? ಇತಿಹಾಸಕಾರರು ಇಂದಿಗೂ ಜಗಳವಾಡುವ ಪ್ರಶ್ನೆ ಇದು. ಜೊತೆಗೆ, ಕ್ಯೂಬಾದ ನಾಯಕ ಕ್ಯಾಸ್ಟ್ರೋ ಅವರನ್ನು ಕೊಲ್ಲಲು ಸಿಐಎ ಹೂಡಿದ್ದ ಸಂಚುಗಳನ್ನು ವಾರನ್ ಆಯೋಗಕ್ಕೆ ಹೇಳಿರಲೇ ಇಲ್ಲ. ಅದು ಅಧಿಕೃತವಾಗಿ ಬಯಲಾದದ್ದು 1975ರಲ್ಲಿ.

ಕಪ್ಪು ಬಳಿದದ್ದೆಲ್ಲವನ್ನೂ ನಾನು ವಿರೋಧಿಸುವುದಿಲ್ಲ. 2025ರ ಮಾರ್ಚ್‌ನಲ್ಲಿ ಅವಸರದಿಂದ ಎಲ್ಲ ಕಪ್ಪು ಮಸಿ ತೆಗೆದಾಗ, ಇನ್ನೂ ಬದುಕಿರುವವರೂ ಸೇರಿ ನೂರಾರು ಜನರ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದಲ್ಲಿ ಒಬ್ಬೊಬ್ಬರಿಗೂ ಇರುವ ಖಾಸಗಿ ಗುರುತಿನ ಸಂಖ್ಯೆ) ಬಯಲಿಗೆ ಬಿತ್ತು. ಅವರಲ್ಲಿ ಕೆಲವರು ಹಿಂದೆ ಇದೇ ತನಿಖೆಗಳಿಗಾಗಿ ದುಡಿದವರು. ಅದರಿಂದ ಇತಿಹಾಸಕ್ಕೆ ಏನೂ ಸಿಗಲಿಲ್ಲ, ಅವರಿಗೆ ಮಾತ್ರ ತೊಂದರೆಯಾಯಿತು.

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಇಲ್ಲವೇ ಆಗಿಹೋದ ಕಾಗದಗಳು. 1963ರ ಶರತ್ಕಾಲದಲ್ಲಿ ಕೆನಡಿ ಮಾಡಿದ ಕೆಲವು ಪ್ರವಾಸಗಳ ರಕ್ಷಣಾ ವರದಿಗಳನ್ನು ಅಧ್ಯಕ್ಷರ ರಕ್ಷಣೆ ನೋಡಿಕೊಳ್ಳುವ ಸೀಕ್ರೆಟ್ ಸರ್ವೀಸ್ 1995ರ ಜನವರಿಯಲ್ಲಿ ನಾಶ ಮಾಡಿತು. ಆಗ ಕಾನೂನು ಜಾರಿಯಲ್ಲಿತ್ತು, ಮಂಡಳಿಯೂ ಕೆಲಸ ಶುರು ಮಾಡಿತ್ತು. ಈ ಸಂಗತಿಯನ್ನು ಮಂಡಳಿ ತನ್ನ ಕೊನೆಯ ವರದಿಯಲ್ಲಿ ದಾಖಲಿಸಿದೆ. ಶುರು ಮಾಡುವವರು ಆ ವರದಿಯಿಂದಲೇ ಶುರು ಮಾಡಿ. ಆಮೇಲೆ ಅಕ್ಟೋಬರ್ 10ರ ತಂತಿಯನ್ನು ಹುಡುಕಿ ತೆಗೆಯಿರಿ. 'ಲೀ ಹೆನ್ರಿ' ಎಂಬ ತಪ್ಪು ಹೆಸರು ಅದರಲ್ಲೂ ಇದೆ.