ಸೈಕಲ್ ಮುಂದೆ ಹೋಯಿತು, ಕೈ ಹಿಂದೆ ಉಳಿಯಿತು

ಒಬ್ಬರು ತಮ್ಮ ತಂದೆಯ ಹಳೇ ಫೋಟೊ ತಂದುಕೊಟ್ಟಿದ್ದರು. ಕಪ್ಪು ಬಿಳುಪು. ತಂದೆ ಸೈಕಲ್ ಹ್ಯಾಂಡಲ್ ಹಿಡಿದು ನಿಂತಿದ್ದಾರೆ. ಹಿಂದೆ ಒಂದು ಮರ, ಅದರ ಹಿಂದೆ ಗೋಡೆ, ಗೋಡೆ ಮೇಲೆ ಎಲೆಗಳ ನೆರಳು. "ಅಪ್ಪ ಈಗಿಲ್ಲ. ಇದಕ್ಕೆ ಸ್ವಲ್ಪ ಜೀವ ಬರೋ ಹಾಗೆ ಮಾಡಿಕೊಡಿ, ರೀಲ್ಸ್‌ಗೆ ಹಾಕಬೇಕು" ಅಂದರು.

ಆಗ ನನಗೂ ಈ ಕೆಲಸ ಹೊಸದು. ಫೋಟೊವನ್ನು ವಿಡಿಯೊ ಮಾಡುವ ಎಐ ಟೂಲ್‌ಗೆ ಹಾಕಿ, "ಇವರು ಸೈಕಲ್ ತಳ್ಳಿಕೊಂಡು ಮುಂದೆ ಹೋಗುತ್ತಾರೆ, ತಿರುಗಿ ನೋಡಿ ನಗುತ್ತಾರೆ" ಅಂತ ಬರೆದು ಬಟನ್ ಒತ್ತಿದೆ. ಮೊದಲ ಸೆಕೆಂಡು ಚೆನ್ನಾಗಿತ್ತು. ಎರಡನೇ ಸೆಕೆಂಡಿನಲ್ಲಿ ಸೈಕಲ್ ಮುಂದೆ ಹೊರಟಿತು, ಮನುಷ್ಯ ಮಾತ್ರ ನಿಂತಲ್ಲೇ ಇದ್ದರು. ಕೈ ಹ್ಯಾಂಡಲ್ ಬಿಡಲಿಲ್ಲ. ರಬ್ಬರಿನ ಹಾಗೆ ಉದ್ದವಾಗುತ್ತಾ ಹೋಯಿತು. ನಾಲ್ಕನೇ ಸೆಕೆಂಡಿಗೆ ತಿರುಗಿ ನಕ್ಕರು. ನಕ್ಕಿದ್ದು ಬೇರೆ ಯಾರೋ.

ನಾನು ವಿಡಿಯೊ ಎಡಿಟರ್. ಈಗ ಇಂಥ ಕೆಲಸ ವಾರಕ್ಕೆ ಎರಡು ಮೂರಾದರೂ ಬರುತ್ತದೆ. ಬರುವವರೆಲ್ಲ ಕೇಳುವುದು ಒಂದೇ: ಇದರಲ್ಲಿ ಏನೇನು ಅಲುಗಾಡಿಸಬಹುದು? ಇದರಲ್ಲಿ ಏನು ಅಲುಗಾಡಬಾರದು ಅಂತ ಮೊದಲು ಕೇಳಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಯಾಕೆ ಅಂತ ಅರ್ಥ ಆಗಬೇಕಾದರೆ ಎಐ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ನಿಮ್ಮ ಫೋಟೊವನ್ನು ಯಾರೂ ಹಿಡಿದು ಅಲುಗಾಡಿಸುತ್ತಿಲ್ಲ. ವಿಡಿಯೊ ಅಂದರೆ ಒಂದರ ಹಿಂದೆ ಒಂದು ಓಡುವ ಸ್ಟಿಲ್ ಚಿತ್ರಗಳು, ಒಂದೊಂದೂ ಒಂದು ಫ್ರೇಮ್. ನಿಮ್ಮ ಫೋಟೊವನ್ನು ಮೊದಲ ಫ್ರೇಮ್ ಅಂತ ಇಟ್ಟುಕೊಂಡು, ಮುಂದಿನ ಫ್ರೇಮ್‌ಗಳನ್ನೆಲ್ಲ ಎಐ ಹೊಸದಾಗಿ ಬರೆಯುತ್ತದೆ. ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದ ಚುಕ್ಕಿಗಳ ಗದ್ದಲ ಇತ್ತಲ್ಲ, ಅಂಥದ್ದರಿಂದ ಶುರು ಮಾಡಿ ಹಂತ ಹಂತವಾಗಿ ಚಿತ್ರ ತಿಳಿಯಾಗಿಸುತ್ತದೆ. ಕಲಿಯುವಾಗ ಲೆಕ್ಕವಿಲ್ಲದಷ್ಟು ವಿಡಿಯೊ ನೋಡಿರುವುದರಿಂದ ಮರ ಅಂದರೆ ಹೇಗೆ ಆಡುತ್ತದೆ, ನೀರು ಹೇಗೆ ಹರಿಯುತ್ತದೆ ಅಂತ ಅಂದಾಜು ಇರುತ್ತದೆ. ಆದರೆ ಫೋಟೊದಲ್ಲಿರುವ ಮನುಷ್ಯನ ಇನ್ನೊಂದು ಕಿವಿ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದು ಫೋಟೊದಲ್ಲೇ ಇಲ್ಲ. ಮುಖ ಪೂರ್ತಿ ತಿರುಗಿಸಿ ಅಂದರೆ ಕಿವಿ, ಕೆನ್ನೆ, ದವಡೆ ಎಲ್ಲ ಕಲ್ಪಿಸಿಕೊಳ್ಳಲೇಬೇಕು. ಅಲ್ಲಿಗೆ ಅದು ನಿಮ್ಮ ಅಪ್ಪ ಅಲ್ಲ, ನಿಮ್ಮ ಅಪ್ಪನ ವಯಸ್ಸಿನ ಯಾರೋ ಒಬ್ಬರು.

2021ರಲ್ಲಿ ಮೈಹೆರಿಟೇಜ್ ಎಂಬ ವಂಶವೃಕ್ಷದ ತಾಣ ಡೀಪ್ ನಾಸ್ಟಾಲ್ಜಿಯಾ ಅಂತ ಒಂದು ಸೌಲಭ್ಯ ತಂದಾಗ ಹಳೇ ಫೋಟೊಗಳು ಕಣ್ಣು ಮಿಟುಕಿಸಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ಅದರ ವಿಧಾನ ಬೇರೆ. ಮೊದಲೇ ರೆಕಾರ್ಡ್ ಮಾಡಿಟ್ಟ ತಲೆ, ಕಣ್ಣುಗಳ ಚಲನೆಯನ್ನು ಫೋಟೊದ ಮುಖಕ್ಕೆ ಹೊಂದಿಸುತ್ತಿತ್ತು. ಎಲ್ಲರ ಅಜ್ಜಂದಿರೂ ಒಂದೇ ಥರ ಕತ್ತು ಓರೆ ಮಾಡುತ್ತಿದ್ದರಲ್ವಾ, ಅದಕ್ಕೇ. 2023ರ ನವೆಂಬರ್‌ನಲ್ಲಿ ಬಂದ ಸ್ಟೇಬಲ್ ವಿಡಿಯೊ ಡಿಫ್ಯೂಷನ್ ಎಂಬ ಎಐ ಒಂದು ಸಲಕ್ಕೆ 14 ಅಥವಾ 25 ಫ್ರೇಮ್ ಕೊಡುತ್ತಿತ್ತು. ಸಿನಿಮಾದ ವೇಗ ಸೆಕೆಂಡಿಗೆ 24 ಫ್ರೇಮ್, ಅಂದರೆ ಹೆಚ್ಚುಕಡಿಮೆ ಒಂದು ಸೆಕೆಂಡು. ಆಮೇಲೆ ರನ್‌ವೇ, ಕ್ಲಿಂಗ್ ಥರದ ಟೂಲ್‌ಗಳು 5, 10 ಸೆಕೆಂಡಿಗೆ ಬಂದವು. ಗೂಗಲ್‌ನ ವಿಯೊ 3 ಬಂದಾಗ 8 ಸೆಕೆಂಡಿನ ಜೊತೆಗೆ ಶಬ್ದವನ್ನೂ ಕೊಟ್ಟಿತು.

ಉದ್ದ ಜಾಸ್ತಿ ಆಗಿದೆ, ನಿಜ. ಆದರೂ ಮೊದಲ ಫ್ರೇಮ್‌ನಿಂದ ದೂರ ಹೋದಷ್ಟೂ ನಿಮ್ಮ ಫೋಟೊದಿಂದ ದೂರ ಹೋಗುತ್ತೀರಿ. ಹಾಗಾಗಿ ನಾನು ಐದು ಸೆಕೆಂಡಿನ ಕ್ಲಿಪ್ ಮಾಡಿಸಿ, ಎರಡೂವರೆ ಮೂರು ಸೆಕೆಂಡು ಮಾತ್ರ ಉಳಿಸಿಕೊಳ್ಳುತ್ತೇನೆ. ಸಾಲದಿದ್ದರೆ ವೇಗ ಶೇ 80ಕ್ಕೆ ಇಳಿಸುತ್ತೇನೆ. ಕೊನೆಯ ಫ್ರೇಮ್ ತೆಗೆದು ಅದರಿಂದ ಮತ್ತೆ ಐದು ಸೆಕೆಂಡು, ಅದರ ಕೊನೆಯಿಂದ ಮತ್ತೆ ಐದು ಅಂತ ಎಳೆಯುವವರಿದ್ದಾರೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ ಆಗುತ್ತದೆ. ಬಣ್ಣ ಗಾಢವಾಗುತ್ತಾ ಹೋಗುತ್ತದೆ, ಚರ್ಮ ಮೇಣದ ಹಾಗೆ ನುಣುಪಾಗುತ್ತದೆ. ಮೂರನೇ ಸುತ್ತಿಗೆ ಮುಖದ ಗುರುತೇ ಸಿಗುವುದಿಲ್ಲ. ಒಂದೇ ಉದ್ದ ಶಾಟ್ ಬದಲು ನಾಲ್ಕು ಫೋಟೊಗಳಿಂದ ನಾಲ್ಕು ಚಿಕ್ಕ ಶಾಟ್ ಮಾಡಿ ಜೋಡಿಸಿ. ನೋಡುವವರಿಗೂ ಅದೇ ಇಷ್ಟ.

ಇನ್ನು ಫೋಟೊ ಆಯ್ಕೆ. ಬೆರಳು ಬೆರಳಿಗೆ ಹೆಣೆದುಕೊಂಡಿರುವುದು, ಕಟ್ಟಿದ ಕೈ, ಒಬ್ಬರ ಭುಜದ ಮೇಲೆ ಇನ್ನೊಬ್ಬರ ಕೈ ಇರುವ ಗುಂಪು ಫೋಟೊ, ಇವೆಲ್ಲ ತೊಂದರೆ. ಯಾವ ಕೈ ಯಾರದು ಅಂತ ಎಐ ಗೊಂದಲಕ್ಕೆ ಬೀಳುತ್ತದೆ. ಬೋರ್ಡಿನ ಅಕ್ಷರ, ಗಡಿಯಾರದ ಮುಳ್ಳು, ಬಟ್ಟೆಯ ಸಣ್ಣ ಚೌಕಳಿ, ಇವು ಕರಗಿ ಹರಿಯುತ್ತವೆ. ಮುಖ ಚಿಕ್ಕದಾಗಿದ್ದರೆ ಇನ್ನೂ ಕಷ್ಟ. ನಲವತ್ತು ಪಿಕ್ಸೆಲ್ಲಿನ ಮುಖದಲ್ಲಿ ಕಣ್ಣಿಗೆ ಸಿಗುವುದು ನಾಲ್ಕೈದು ಪಿಕ್ಸೆಲ್, ಅದರಲ್ಲಿ ರೆಪ್ಪೆ ಮಿಟುಕಿಸು ಅಂದರೆ ಏನು ಮಾಡೀತು ಪಾಪ.

ಅಡ್ಡ ಫೋಟೊ ಇದ್ದರೆ ಮೊದಲೇ ರೀಲ್ಸ್‌ನ ಉದ್ದ ಆಕಾರವಾದ 9:16ಕ್ಕೆ, ಅಂದರೆ 1080 x 1920ಕ್ಕೆ ಕ್ರಾಪ್ ಮಾಡಿಕೊಳ್ಳಿ. ಮೇಲೆ ಕೆಳಗೆ ಜಾಗ ತುಂಬಿಸಬೇಕಿದ್ದರೂ ಸ್ಟಿಲ್ ಇರುವಾಗಲೇ ತುಂಬಿಸಿ, ಸರಿಯಾಗಿದೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ಅನಿಮೇಟ್ ಮಾಡಿ. ಹಳೇ ಫೋಟೊದ ಗೀರುಗಳಿಗೂ ಇದೇ ಮಾತು. ಬಿಟ್ಟರೆ ಎಐ ಅದನ್ನೂ ಒಂದು ವಸ್ತು ಅಂದುಕೊಂಡು ದಾರದ ಹಾಗೆ ತೇಲಾಡಿಸುತ್ತದೆ. ಆದರೆ ಮುಖ ತಿಳಿಯಾಗಿಸುವ ಟೂಲ್‌ಗಳನ್ನು ನಂಬಿ ಕೂರಬೇಡಿ. ಅವೂ ಮುಖವನ್ನು ಊಹಿಸಿಯೇ ಬರೆಯುತ್ತವೆ. ಗೀರು ಕೈಯಲ್ಲಿ ತೆಗೆಯಿರಿ, ಮಸುಕು ಮುಖ ಮಸುಕಾಗೇ ಇರಲಿ.

ಪ್ರಾಂಪ್ಟ್, ಅಂದರೆ ಎಐಗೆ ಕೊಡುವ ಸೂಚನೆ ಬರೆಯುವಾಗ ಹೆಚ್ಚಿನವರು ಫೋಟೊವನ್ನೇ ವರ್ಣಿಸುತ್ತಾರೆ: ಬಿಳಿ ಶರ್ಟು ಹಾಕಿದ ಮನುಷ್ಯ, ಕಪ್ಪು ಸೈಕಲ್, ದೊಡ್ಡ ಮರ. ಅದೆಲ್ಲ ಅದಕ್ಕೆ ಕಾಣಿಸುತ್ತಿದೆ. ಸುಮ್ನೆ ಮತ್ತೆ ಹೇಳಿದರೆ ಕೆಲವು ಸಲ ಇನ್ನೊಂದು ಸೈಕಲ್ಲನ್ನೇ ತಂದು ನಿಲ್ಲಿಸುತ್ತದೆ. ಬರೆಯಬೇಕಾದದ್ದು ಚಲನೆ ಮಾತ್ರ. ಕ್ಯಾಮೆರಾ ಏನು ಮಾಡುತ್ತದೆ, ಏನು ಆಡುತ್ತದೆ, ಎಷ್ಟು ಮೆಲ್ಲಗೆ. ಇನ್ನೊಂದು, "ಕೈ ಅಲುಗಾಡಬಾರದು" ಅಂತ ಬರೆದರೆ ಎಷ್ಟೋ ಎಐ ಟೂಲ್‌ಗಳು "ಬಾರದು" ಬಿಟ್ಟು "ಕೈ, ಅಲುಗಾಟ" ಎರಡನ್ನೇ ಹಿಡಿದುಕೊಳ್ಳುತ್ತವೆ. ಬೇಡದ್ದನ್ನು ಬರೆಯಲು ಬೇರೆ ಪೆಟ್ಟಿಗೆ ಕೊಟ್ಟಿದ್ದರೆ ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಬೇಕಾದ್ದನ್ನೇ ಹೇಳಿ. ಸೈಕಲ್ ಫೋಟೊಗೆ ಕೊನೆಗೆ ನಾನು ಕೊಟ್ಟಿದ್ದು ಇಷ್ಟು: ಕ್ಯಾಮೆರಾ ಟ್ರೈಪಾಡ್ ಮೇಲೆ ಸ್ಥಿರವಾಗಿದೆ. ಹಗುರವಾದ ಗಾಳಿ. ಎಲೆಗಳು ಮೆಲ್ಲಗೆ ಆಡುತ್ತಿವೆ. ಗೋಡೆಯ ಮೇಲೆ ನೆರಳು ಆಡುತ್ತಿದೆ. ಮನುಷ್ಯ ಸುಮ್ಮನೆ ನಿಂತಿದ್ದಾನೆ.

ಹೌದು, ಎರಡನೇ ಸಲ ನಾನು ತಂದೆಯನ್ನು ಮುಟ್ಟಲೇ ಇಲ್ಲ. ಆದರೂ ಮುಖ ಚೂರು ಬದಲಾಯಿತು. ಸುಮ್ಮನೆ ನಿಂತಿದ್ದಾನೆ ಅಂದರೂ ಎಐ ಪ್ರತಿ ಫ್ರೇಮ್‌ನಲ್ಲೂ ಮುಖವನ್ನು ಮತ್ತೆ ಬರೆಯುತ್ತದಲ್ಲ. ಹುಬ್ಬು ಒಂದಿಷ್ಟು ದಪ್ಪ, ತುಟಿ ಒಂದಿಷ್ಟು ತೆಳು. ಬೇರೆಯವರಿಗೆ ಗೊತ್ತಾಗಲ್ಲ. ಮಗನಿಗೆ ಗೊತ್ತಾಗುತ್ತದೆ.

ಇಲ್ಲಿ ಹಳೇ ಎಡಿಟಿಂಗ್ ವಿದ್ಯೆ ಕೈ ಹಿಡಿಯಿತು. ಟೈಮ್‌ಲೈನ್‌ನಲ್ಲಿ ಕೆಳಗಿನ ಲೇಯರ್‌ನಲ್ಲಿ ಎಐ ಕ್ಲಿಪ್ ಇಟ್ಟೆ. ಮೇಲಿನ ಲೇಯರ್‌ನಲ್ಲಿ ಅಸಲಿ ಫೋಟೊ ಇಟ್ಟು, ತಂದೆ ಮತ್ತು ಸೈಕಲ್ ಸುತ್ತ ಮಾಸ್ಕ್ ಕತ್ತರಿಸಿದೆ, ಅಂದರೆ ಫೋಟೊದ ಆ ಭಾಗ ಮಾತ್ರ ಕಾಣುವ ಹಾಗೆ ಉಳಿಸಿಕೊಂಡೆ. ಈಗ ಮರ ಎಐನದು, ಮನುಷ್ಯ ಫೋಟೊದವರು. ಕ್ಯಾಮೆರಾ ಸ್ಥಿರವಾಗಿರಲಿ ಅಂತ ಪ್ರಾಂಪ್ಟ್‌ನಲ್ಲಿ ಬರೆದದ್ದು ಇದಕ್ಕೇ. ಕ್ಯಾಮೆರಾ ಕೂದಲೆಳೆ ಸರಿದರೂ ಮಾಸ್ಕ್ ಕೂರುವುದಿಲ್ಲ.

ಹೇಳಿದಷ್ಟು ಸಲೀಸಲ್ಲ. ಮೊದಲ ತೊಂದರೆ, ಎಐ ಕ್ಲಿಪ್ ನಿಮ್ಮ ಫೋಟೊದ ಅಳತೆಗೆ ಸರಿಯಾಗಿ ಬರಲ್ಲ. ಅಂಚಿನಲ್ಲಿ ನಾಲ್ಕಾರು ಪಿಕ್ಸೆಲ್ ಕತ್ತರಿಸಿರುತ್ತದೆ. ಮೇಲಿನ ಲೇಯರ್‌ಗೆ ಡಿಫರೆನ್ಸ್ ಮೋಡ್ (ಎರಡು ಲೇಯರ್‌ಗಳ ವ್ಯತ್ಯಾಸ ಮಾತ್ರ ತೋರಿಸುವುದು) ಹಾಕಿ, ಮೊದಲ ಫ್ರೇಮ್ ಆದಷ್ಟೂ ಕಪ್ಪಾಗುವ ತನಕ ಹಿಗ್ಗಿಸಿ ಕುಗ್ಗಿಸಿ ಸರಿಸಬೇಕು. ಕಪ್ಪಾಯಿತು ಅಂದರೆ ಎರಡೂ ಒಂದರ ಮೇಲೊಂದು ಕೂತವು ಅಂತ. ಎರಡನೆಯದು, ಅಸಲಿ ಫೋಟೊದಲ್ಲಿ ಗ್ರೇನ್, ಅಂದರೆ ಮರಳಿನಂಥ ಸಣ್ಣ ಚುಕ್ಕಿಗಳು ಇರುತ್ತವೆ, ಎಐ ಕ್ಲಿಪ್ ಒಗೆದು ಇಸ್ತ್ರಿ ಮಾಡಿದ ಹಾಗಿರುತ್ತದೆ. ಹಾಗೇ ಬಿಟ್ಟರೆ ತಂದೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತಾರೆ. ಎರಡರ ಮೇಲೂ ಒಂದೇ ಥರದ, ಸಣ್ಣಗೆ ಮಿನುಗುವ ಗ್ರೇನ್ ಹಾಕಿದೆ. ಅದರಿಂದ ಇನ್ನೊಂದು ಲಾಭ. ನಿಂತ ಚಿತ್ರದ ಮೇಲೂ ಗ್ರೇನ್ ಆಡುತ್ತಿದ್ದರೆ ಕಣ್ಣು ಅದನ್ನು ಸ್ಟಿಲ್ ಅಂದುಕೊಳ್ಳುವುದಿಲ್ಲ.

ಮೂರನೆಯದು ನನಗೆ ಹೊಳೆಯಲೇ ಇಲ್ಲ. ಜೊತೆಗೆ ಕೆಲಸ ಮಾಡುವ ಹುಡುಗಿ ನೋಡಿ, "ಸರ್, ಗೋಡೆ ಮೇಲಿನ ನೆರಳು ಆಡ್ತಿದೆ, ಶರ್ಟ್ ಮೇಲಿನ ನೆರಳು ಯಾಕೆ ಆಡ್ತಿಲ್ಲ?" ಅಂದಳು. ನೋಡಿದರೆ ಹೌದು. ತಂದೆಯ ಭುಜದ ಮೇಲೆ ಎರಡು ಎಲೆಗಳ ನೆರಳು ಬಿದ್ದಿತ್ತು. ಅದು ಮಾಸ್ಕ್ ಒಳಗೆ ಸೇರಿಕೊಂಡು ಕಲ್ಲಿನ ಹಾಗೆ ನಿಂತಿತ್ತು. ಒಂದು ಸಲ ಕಂಡ ಮೇಲೆ ಅದೊಂದೇ ಕಾಣತೊಡಗಿತು. ಭುಜದ ಆ ಜಾಗದಲ್ಲಿ ಮಾತ್ರ ಮಾಸ್ಕ್‌ಗೆ ಮೆತ್ತನೆ ಅಂಚಿನ ತೂತು ಮಾಡಿ, ಕೆಳಗಿನ ಎಐ ಶರ್ಟ್ ಕಾಣುವ ಹಾಗೆ ಬಿಟ್ಟೆ. ಶರ್ಟು ಎಐನದಾದರೆ ಯಾರಿಗೂ ಬೇಜಾರಿಲ್ಲ, ಅಲ್ವಾ?

ಅಂಗಡಿಯ ವಸ್ತು, ಲೋಗೊ, ಪುಸ್ತಕದ ಮುಖಪುಟ, ಹೀಗೆ ಒಂದು ಅಕ್ಷರವೂ ಆಚೀಚೆ ಆಗಬಾರದ ಕೆಲಸಕ್ಕೆಲ್ಲ ಇದೇ ದಾರಿ. ವಸ್ತು ಫೋಟೊದ್ದು, ಬೆಳಕು, ಹೊಗೆ, ಪರದೆ ಎಐನದು.

ಲೂಪ್, ಅಂದರೆ ಕೊನೆಯಿಂದ ಮತ್ತೆ ಮೊದಲಿಗೆ ತಡೆಯಿಲ್ಲದೆ ಓಡುವ ವಿಡಿಯೊ ಬೇಕಿದ್ದರೆ ಮೊದಲ ಫ್ರೇಮ್, ಕೊನೆಯ ಫ್ರೇಮ್ ಎರಡೂ ಕೇಳುವ ಟೂಲ್ ಹಿಡಿದು ಎರಡಕ್ಕೂ ಅದೇ ಫೋಟೊ ಕೊಡಿ. ಹಿಂದೆ ಮುಂದೆ ಓಡಿಸುವ ವಿಧಾನ ಎಲೆಗೆ ನಡೆಯುತ್ತದೆ, ಹೊಗೆಗೆ, ನೀರಿಗೆ ನಡೆಯಲ್ಲ, ಹೊಗೆ ಕೆಳಗಿಳಿಯುತ್ತದೆ. ಶಬ್ದ ಚೂರೇ ಸಾಕು. ಪಠ್ಯ ಹಾಕುವುದಿದ್ದರೆ ಪರದೆಯ ಕೆಳಭಾಗ, ಬಲ ಅಂಚು ಬಿಟ್ಟು ಹಾಕಿ, ಅಲ್ಲಿ ಬಟನ್‌ಗಳು ಕೂರುತ್ತವೆ.

ಈಗ ನಗುವಿನ ವಿಷಯ. ಬಾಯಿ ಮುಚ್ಚಿದ ಫೋಟೊದಲ್ಲಿ ಹಲ್ಲು ಇಲ್ಲ. ನಗಿಸಿ ಅಂದರೆ ಎಐ ತನ್ನ ಹತ್ತಿರ ಇರುವ ಹಲ್ಲು ತಂದು ಕೂರಿಸುತ್ತದೆ. ಎಲ್ಲ ನೇರ, ಎಲ್ಲ ಬಿಳಿ. ಅಪ್ಪನ ಮುರಿದ ಹಲ್ಲು, ನಗುವಾಗ ಒಂದು ಕಡೆ ಏರುತ್ತಿದ್ದ ತುಟಿ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಜಾಹೀರಾತಿನ ರೂಪದರ್ಶಿಗೆ ಇದು ನಡೆಯುತ್ತದೆ. ತೀರಿಕೊಂಡವರ ಫೋಟೊ ತಂದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ನಗಿಸಲ್ಲ, ಮಾತಾಡಿಸಲ್ಲ. ಕೆಲವರು ಬೇರೆಯವರ ಹತ್ತಿರ ಮಾಡಿಸಿಕೊಂಡಿದ್ದೂ ಇದೆ, ಇರಲಿ. ಬದುಕಿರುವವರದಾದರೆ ಅವರನ್ನೇ ಕೇಳಿ ಬನ್ನಿ ಅನ್ನುತ್ತೇನೆ. ಮಕ್ಕಳ ಫೋಟೊ ಆದರೆ ಅಪ್ಪ ಅಮ್ಮನೇ ಬರಬೇಕು. ಯಾವ ಟೂಲ್‌ಗೆ ಫೋಟೊ ಏರಿಸುತ್ತಿದ್ದೀರೋ ಅದು ಅದನ್ನು ಇಟ್ಟುಕೊಳ್ಳುತ್ತದಾ, ತನ್ನ ತರಬೇತಿಗೆ ಬಳಸುತ್ತದಾ ಅಂತ ಷರತ್ತುಗಳಲ್ಲಿ ಒಂದು ಸಲ ಹುಡುಕಿ ನೋಡಿ. ಬೇಜಾರಿನ ಓದು, ಆದರೂ ನೋಡಿ.

ಎಐ ಅಂತ ಹೇಳಬೇಕಾ ಅಂತ ಕೇಳುತ್ತಾರೆ. ನಿಜ ಅಂತ ಕಾಣುವ ಹಾಗೆ ಬದಲಾಯಿಸಿದ ವಿಡಿಯೊಗಳನ್ನು ಹಾಕುವವರೇ ತಿಳಿಸಬೇಕು ಅಂತ ಯೂಟ್ಯೂಬ್ 2024ರ ಮಾರ್ಚ್‌ನಿಂದಲೇ ಕೇಳುತ್ತಿದೆ. ವಿಯೊದಲ್ಲಿ ಮಾಡಿದ ವಿಡಿಯೊದೊಳಗೆ ಸಿಂಥ್‌ಐಡಿ ಅಂತ ಕಣ್ಣಿಗೆ ಕಾಣದ ಗುರುತು ಸೇರಿರುತ್ತದೆ. ವಿಡಿಯೊ ಹೇಗೆ ತಯಾರಾಯಿತು ಅಂತ ಹೇಳುವ, ಫೈಲಿನ ಜೊತೆ ಹೋಗುವ ಸಿ2ಪಿಎ ಮಾಹಿತಿ ಇನ್ನೊಂದು, ಆದರೆ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಅದು ಹೋಯಿತು. ನಾನು ಕ್ಯಾಪ್ಷನ್‌ನಲ್ಲೇ ಒಂದು ಸಾಲು ಬರೆಸುತ್ತೇನೆ: ಫೋಟೊ ಅಸಲಿ, ಚಲನೆ ಎಐ. ಇದರಿಂದ ನೋಡುವವರು ಕಡಿಮೆ ಆಗಿದ್ದು ನಾನಂತೂ ಕಂಡಿಲ್ಲ.

ಸೈಕಲ್ ವಿಡಿಯೊ ಕೊನೆಗೂ ಸಿದ್ಧವಾಯಿತು. ಎಲೆ ಆಡುತ್ತದೆ, ನೆರಳು ಆಡುತ್ತದೆ, ಅಷ್ಟೇ. ಮಗ ಬಂದು ಫೋನ್‌ನಲ್ಲಿ ನಾಲ್ಕೈದು ಸಲ ನೋಡಿದರು. ಏನೂ ಮಾತಾಡಲಿಲ್ಲ. ಆಮೇಲೆ ಬೆರಳಿನಿಂದ ಮುಖ ದೊಡ್ಡದು ಮಾಡಿ ನೋಡಿ, "ಅಪ್ಪನಿಗೆ ಏನೂ ಮಾಡಿಲ್ಲ ಅಲ್ವಾ?" ಅಂದರು.

"ಇಲ್ಲ. ಮರಕ್ಕೆ ಮಾತ್ರ ಸ್ವಲ್ಪ ಗಾಳಿ ಹಾಕಿದ್ದೀನಿ" ಅಂದೆ.