ದೇವಕಿ ಜೈನ್: ಹೆಂಗಸರ ದಿನವನ್ನು ಲೆಕ್ಕಕ್ಕೆ ತಂದವರು

ಮಹಿಳೆ ಮತ್ತು ಅಭಿವೃದ್ಧಿ ಪಾಠ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ದೇವಕಿ ಜೈನ್ 1933ರಲ್ಲಿ ಮೈಸೂರಿನಲ್ಲಿ ಹುಟ್ಟಿದರು, ಆಕ್ಸ್‌ಫರ್ಡ್‌ನಲ್ಲಿ ಓದಿದರು, ದೆಹಲಿಯ ಮಿರಾಂಡಾ ಹೌಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದರು. 2006ರಲ್ಲಿ ಪದ್ಮಭೂಷಣ ಬಂತು. ಇಷ್ಟು ಬಾಯಿಪಾಠ ಮಾಡಿದರೆ ಒಂದು ಅಂಕದ ಪ್ರಶ್ನೆಗೆ ಸಾಕು. ಆದರೆ ಅವರ ಕೆಲಸ ಅರ್ಥವಾಗಬೇಕಾದರೆ 1970ರ ದಶಕದ ಒಂದು ಅಧ್ಯಯನದಿಂದ ಶುರು ಮಾಡಬೇಕು.

ಸರ್ಕಾರಿ ಸಮೀಕ್ಷೆಯವರು ಹಳ್ಳಿಯ ಹೆಂಗಸೊಬ್ಬಳ ಮನೆಗೆ ಬಂದು 'ನಿಮ್ಮ ಮುಖ್ಯ ಕೆಲಸ ಏನಮ್ಮಾ?' ಅಂತ ಕೇಳುತ್ತಾರೆ ಅಂದುಕೊಳ್ಳಿ. ಆಕೆ ಬೆಳಕು ಹರಿಯುವ ಮುಂಚೆಯೇ ಕೊಟ್ಟಿಗೆ ಬಾಚಿ, ಹಾಲು ಕರೆದು, ಸೌದೆ ಹೊತ್ತು ತಂದಿರುತ್ತಾಳೆ. ಆದರೂ 'ಏನಿಲ್ಲ, ಸುಮ್ನೆ ಮನೇಲಿರ್ತೀನಿ' ಅನ್ನುತ್ತಾಳೆ. ಫಾರಂನಲ್ಲಿ 'ಗೃಹಿಣಿ' ಅಂತ ಬೀಳುತ್ತದೆ. ಅಲ್ಲಿಗೆ ಅವಳು ದುಡಿಯುವವರ ಪಟ್ಟಿಯಿಂದ ಹೊರಗೆ!

ದೇವಕಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್ ಟ್ರಸ್ಟ್ ಅನ್ನುವ ಸಂಶೋಧನಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, ಮನೆಯವರು ದಿನದ ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಬರೆದುಕೊಂಡರು. ಇದಕ್ಕೆ ಸಮಯ ಬಳಕೆ ಅಧ್ಯಯನ ಅಂತ ಹೆಸರು. ಸರ್ಕಾರಿ ಲೆಕ್ಕ ತೋರಿಸಿದ್ದಕ್ಕಿಂತ ಜಾಸ್ತಿ ಹೆಂಗಸರು ದುಡಿಯುತ್ತಿದ್ದರು. ಇದು ಬರೀ ಅಂಕಿ-ಅಂಶದ ಜಗಳ ಅಲ್ಲ. ಕೆಲಸಗಾರ್ತಿ ಅಂತ ದಾಖಲಾಗದವಳಿಗೆ ಕೂಲಿ, ಸಾಲ, ತರಬೇತಿಯ ಯೋಜನೆ ತಲುಪುವುದಾದರೂ ಹೇಗೆ, ಅಲ್ವಾ?

ಇದೇ ವಿಧಾನದಲ್ಲಿ ಭಾರತ ಸರ್ಕಾರ 1998-99ರಲ್ಲಿ 6 ರಾಜ್ಯಗಳಲ್ಲಿ, 2019ರಲ್ಲಿ ದೇಶದ ತುಂಬ ಸಮೀಕ್ಷೆ ಮಾಡಿತು. 2019ರ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಇಲ್ಲಿ ಎಚ್ಚರ: ಇದು ಆ ಕೆಲಸ ಮಾಡುವವರ ಸರಾಸರಿ ಮಾತ್ರ. ಗಂಡಸರಲ್ಲಿ ಅದನ್ನು ಮಾಡುತ್ತಿದ್ದವರೇ ನೂರಕ್ಕೆ ಸುಮಾರು 26 ಮಂದಿ.

ಈಗ ಅಂತರರಾಷ್ಟ್ರೀಯ ಭಾಗ. 1984ರ ಆಗಸ್ಟ್‌ನಲ್ಲಿ ದೇವಕಿಯವರ ಮುಂದಾಳತ್ವದಲ್ಲಿ ಬಡ ದೇಶಗಳ ಮಹಿಳಾ ಚಿಂತಕಿಯರು ನಮ್ಮ ಬೆಂಗಳೂರಿನಲ್ಲೇ ಸೇರಿದರು. ಹುಟ್ಟಿದ್ದು 'ಡಾನ್' (DAWN, ಡೆವಲಪ್‌ಮೆಂಟ್ ಆಲ್ಟರ್ನೇಟಿವ್ಸ್ ವಿತ್ ವಿಮೆನ್ ಫಾರ್ ಎ ನ್ಯೂ ಎರಾ) ಅನ್ನುವ ಜಾಲ. ಅರ್ಥಶಾಸ್ತ್ರಜ್ಞೆ ಗೀತಾ ಸೇನ್ ಕೂಡ ಅದರಲ್ಲಿದ್ದರು. ಅಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದದ್ದು, ಹೆಂಗಸರನ್ನು ಅಭಿವೃದ್ಧಿಯೊಳಗೆ ಸೇರಿಸುವುದು ಹೇಗೆ ಅಂತ. ಇವರು ಕೇಳಿದ್ದು, ಆ ಅಭಿವೃದ್ಧಿ ಎಂಥದ್ದು ಅಂತ. ನನಗೆ ದೇವಕಿಯವರ ದೊಡ್ಡ ಕೊಡುಗೆ ಇಲ್ಲೇ ಕಾಣುತ್ತದೆ. ಹಳ್ಳಿಯ ಮನೆಯಲ್ಲಿ ಮಾಡಿದಂತೆ ಇಲ್ಲೂ ಅವರು ಪ್ರಶ್ನೆಯನ್ನೇ ಬದಲಿಸಿದರು. (1987ರಲ್ಲಿ ಶುರುವಾದ, ಟಾಂಜಾನಿಯಾದ ಮಾಜಿ ರಾಷ್ಟ್ರಪತಿ ಜೂಲಿಯಸ್ ನೈರೇರೆ ಅಧ್ಯಕ್ಷತೆಯ, ಬಡ ದೇಶಗಳ ಅಭಿವೃದ್ಧಿ ಕುರಿತ ಸೌತ್ ಕಮಿಷನ್‌ನಲ್ಲೂ ಅವರು ಸದಸ್ಯೆಯಾಗಿದ್ದರು. ಇದನ್ನೂ ನೆನಪಿಡಿ.)

1985ರಲ್ಲಿ ನೈರೋಬಿಯ ವಿಶ್ವ ಮಹಿಳಾ ಸಮ್ಮೇಳನದ ಹೊತ್ತಿಗೆ ಡಾನ್ ದೇಶಗಳ ವಿದೇಶಿ ಸಾಲವನ್ನೂ ಮಹಿಳೆಯರ ವಿಷಯವಾಗಿ ಮುಂದಿಟ್ಟಿತು. ಸಂಬಂಧ ಏನು ಅಂತೀರಾ? ಸಾಲ ತೀರಿಸಲು ಸರ್ಕಾರ ಆಸ್ಪತ್ರೆಯ ಖರ್ಚು ಕಡಿಮೆ ಮಾಡಿತು ಅನ್ನಿ. ಕಾಯಿಲೆಯವರು ಮನೆಗೆ ಬರುತ್ತಾರೆ. ಅವರನ್ನು ನೋಡಿಕೊಳ್ಳುವ ಹೊತ್ತು, ಸೌದೆ ಹೊತ್ತು ತಂದ ಅದೇ ಹೆಂಗಸಿನ ದಿನದಿಂದ ಹೋಗುತ್ತದೆ.