ಬೆವರು ಆರದ ಊರಿನಲ್ಲಿ ಹಸಿರು ಮನೆಯ ಪಾಠ

ಹಸಿರು ಕಟ್ಟಡ ಅಂದ ಕೂಡಲೇ ನೆನಪಿಗೆ ಬರುವುದು ಸೋಲಾರ್ ಪ್ಯಾನೆಲ್, ಇಂಗುಗುಂಡಿ, ಟೆರೇಸಿನ ಹೂಕುಂಡ. ಎಲ್ಲವೂ ಒಳ್ಳೆಯವೇ. ಆದರೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಮನೆ ಕಟ್ಟುವ ಎಂಜಿನಿಯರ್‌ಗೂ ಮೇಸ್ತ್ರಿಗೂ ಮೊದಲ ಪಾಠ ಬೇರೆಯೇ ಆಗಬೇಕು. ಮೇ ತಿಂಗಳ ಮಧ್ಯಾಹ್ನ ನಮ್ಮ ಮೈಯ ಬೆವರು ಯಾಕೆ ಆರುವುದಿಲ್ಲ? ಇದನ್ನು ಬಿಟ್ಟು ಉಳಿದದ್ದೆಲ್ಲ ಕಲಿತರೂ ಕರಾವಳಿಯಲ್ಲಿ ಸೆಖೆಯ ಮನೆಯೇ ಏಳುತ್ತದೆ.

ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 2400 ಕಿಲೋಜೂಲ್ ಶಾಖ ಹೋಗುತ್ತದೆ. 1000 ವ್ಯಾಟಿನ ಹೀಟರ್ 40 ನಿಮಿಷ ಉರಿದಷ್ಟು ಶಾಖ ಅದು! ಆದರೆ ಬೆವರು ಆವಿಯಾಗಬೇಕು. ಸುಮ್ನೆ ಇಳಿದು ಹೋದರೆ ಏನೂ ಪ್ರಯೋಜನವಿಲ್ಲ.

ಈಗ ಲೆಕ್ಕ ನೋಡಿ. 35 ಡಿಗ್ರಿಯ ಒದ್ದೆ ಚರ್ಮಕ್ಕೆ ಅಂಟಿಕೊಂಡ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 40 ಗ್ರಾಂ ನೀರಾವಿ ಇರುತ್ತದೆ. ಕಾರವಾರದಲ್ಲಿ ಉಷ್ಣತೆ 32 ಡಿಗ್ರಿ, ತೇವಾಂಶ ಶೇಕಡಾ 75 ಇದ್ದ ದಿನ ಸುತ್ತಲಿನ ಗಾಳಿಯಲ್ಲೇ 25 ಗ್ರಾಂ ಇರುತ್ತದೆ. ಅಂತರ ಬರೀ 15. ವಿಜಯಪುರದಲ್ಲಿ 40 ಡಿಗ್ರಿ, ತೇವಾಂಶ ಶೇಕಡಾ 20 ಇದ್ದರೆ ಗಾಳಿಯಲ್ಲಿರುವುದು 10 ಗ್ರಾಂ. ಅಂತರ 30. ಬೆವರನ್ನು ಎಳೆದುಕೊಳ್ಳುವ ಶಕ್ತಿ ಅಲ್ಲಿ ದುಪ್ಪಟ್ಟು. ಬಯಲುಸೀಮೆಯಲ್ಲಿ ತಂಪು ಕೊಡುವ ನೀರಿನ ಕೂಲರ್ ನಮ್ಮಲ್ಲಿ ಸೆಖೆ ಹೆಚ್ಚಿಸುವುದು ಇದಕ್ಕೇ. ತುಂಬಿದ ಗಾಳಿಗೆ ಅದು ಇನ್ನಷ್ಟು ಆವಿ ಸೇರಿಸುತ್ತದೆ.

ಮಳೆಗಾಲದಲ್ಲಿ ಜಗಲಿಯ ಹಗ್ಗದ ಮೇಲೆ ಹಾಕಿದ ಬಟ್ಟೆಯ ಹಾಗೆ ನಮ್ಮ ಚರ್ಮ. ಒಂದರ ಮೇಲೊಂದು ಮಡಚಿ ಹಾಕಿದ ಬಟ್ಟೆ ಮುಗ್ಗಲು ಹಿಡಿಯುತ್ತದೆ. ಬಿಡಿಸಿ, ಗಾಳಿ ಓಡುವ ಕಡೆ ಹಾಕಿದ್ದು ಮಳೆಯಲ್ಲೂ ನಿಧಾನಕ್ಕೆ ಒಣಗುತ್ತದೆ. ಎರಡೂ ಕಡೆ ತೇವಾಂಶ ಒಂದೇ. ವ್ಯತ್ಯಾಸ ಮಾಡಿದ್ದು ಓಡುವ ಗಾಳಿ. ಬಟ್ಟೆಗೆ ಅಂಟಿಕೊಂಡ ತೇವದ ಪದರವನ್ನು ಅದು ಒಯ್ಯುತ್ತಲೇ ಇರುತ್ತದೆ. ಮೈಮೇಲೆ ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಹಾಯ್ದರೆ ಉಷ್ಣತೆ ಎರಡು ಮೂರು ಡಿಗ್ರಿ ಇಳಿದ ಹಾಗೆ ಅನಿಸುತ್ತದೆ. ಥರ್ಮಾಮೀಟರ್ ಮಾತ್ರ ಕದಲುವುದಿಲ್ಲ.

ತೇವವೇ ತೊಂದರೆ ಅಂತ ಮೊದಲು ಗಂಭೀರವಾಗಿ ಹಿಡಿದವರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಒಬ್ಬ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ಅವನು ಮಾಡಿದ ಯಂತ್ರವೇ ಇಂದಿನ ಎಸಿಯ ಹಿರಿಯಣ್ಣ. ಆ ಯಂತ್ರ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ.

ನಮ್ಮ ದೇಶದಲ್ಲಿ ಹಸಿರು ಕಟ್ಟಡದ ಕಲಿಕೆಗೆ ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಕೇಂದ್ರ ‘ಅಸ್ತ್ರ’ ಶುರುವಾಗಿ ಮಣ್ಣಿನ ಇಟ್ಟಿಗೆಯ ಕೆಲಸ ಬೆಳೆಯಿತು. 2001ರಲ್ಲಿ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ಬಂತು. ಆಮೇಲೆ ಕಟ್ಟಡ ಎಷ್ಟು ಹಸಿರು ಅಂತ ಅಂಕ ಕೊಡುವ ‘ಗೃಹ’ ಎಂಬ ನಮ್ಮದೇ ರೇಟಿಂಗ್ ಬಂತು. ಪರೀಕ್ಷೆ ಬರೆದು ಮಾನ್ಯತೆ ಪಡೆಯಬಹುದು, ವರ್ಷಕ್ಕೊಂದು ದೊಡ್ಡ ಸಮ್ಮೇಳನಕ್ಕೆ ಹೋಗಬಹುದು. ನನ್ನ ತಕರಾರು ಒಂದೇ. ಇಂಥ ತರಬೇತಿ ಸಾಮಾನ್ಯವಾಗಿ ಮುಚ್ಚಿದ ಎಸಿ ಹಾಲಿನಲ್ಲಿ, ಪರದೆಯ ಮೇಲೆ ನಡೆಯುತ್ತದೆ. ಅಂಕ ಗಳಿಸುವುದು ಹೇಗೆ ಅಂತ ಅಲ್ಲಿ ಕಲಿಯಬಹುದು. ಗಾಳಿಯನ್ನು ಕಲಿಯಲಾಗದು.

ವಸತಿ ಕಟ್ಟಡಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಇಕೋ ನಿವಾಸ ಸಂಹಿತೆ’ ಒಂದು ಸರಳ ಲೆಕ್ಕ ಕೊಟ್ಟಿದೆ. ಬಿಸಿ ಒಣ ಪ್ರದೇಶದಲ್ಲಿ ಹೊರಗೆ ತೆರೆಯುವ ಜಾಗ ಮನೆಯ ಕಾರ್ಪೆಟ್ ಏರಿಯಾದ ಶೇಕಡಾ 10 ಇದ್ದರೆ ಸಾಕು. ನಮ್ಮಂಥ ಬಿಸಿ ತೇವದ ಪ್ರದೇಶದಲ್ಲಿ ಶೇಕಡಾ 16.66 ಬೇಕು. ಅಂದರೆ ಆರನೇ ಒಂದು ಭಾಗ. 900 ಚದರ ಅಡಿಯ ಮನೆಗೆ 150 ಚದರ ಅಡಿ. ಲೆಕ್ಕಕ್ಕೆ ಬರುವುದು ತೆರೆಯುವ ಭಾಗ ಮಾತ್ರ. ಈಗ ಎಲ್ಲರೂ ಹಾಕಿಸುವ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತದೆ. ಸೊಳ್ಳೆ ಜಾಲರಿ ಹಾಕಿದರೆ ಗಾಳಿ ಇನ್ನೂ ಕಮ್ಮಿ. ಹಳೆಯ ಕಾಲದ ಎರಡು ಕದದ ಮರದ ಕಿಟಕಿ ಪೂರ್ತಿ ತೆರೆಯುತ್ತಿತ್ತು, ಅಲ್ವಾ?

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ವಾಸ್ತು. ನೈಋತ್ಯ ಮೂಲೆ ಭಾರವಿರಬೇಕು, ಮುಚ್ಚಿರಬೇಕು ಅಂತ ಹೇಳಿ ಪಡುವಣ ಗೋಡೆಯ ಕಿಟಕಿಯನ್ನೇ ತೆಗೆಸುತ್ತಾರೆ. ಸಮುದ್ರ ಇರುವುದು ಆ ಕಡೆ. ಹಗಲು ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರಿದಾಗ ಕಡಲಗಾಳಿ ಬರುವುದೂ ಆ ಕಡೆಯಿಂದಲೇ. ಬಿಸಿಲು, ಮಳೆಯ ಎರಚಲು ಕಮ್ಮಿ ಮಾಡಲು ಅಗಲ ಸಜ್ಜಾ ಹಾಕಬಹುದು. ಕಾಸು ಕೊಟ್ಟು ಗಾಳಿಯನ್ನು ಹೊರಗಿಟ್ಟು, ಮತ್ತೆ ಕಾಸು ಕೊಟ್ಟು ಎಸಿ ತರುವ ಮನೆಗಳು ಊರೂರಲ್ಲಿವೆ.

ಹಾಗಂತ ಒಂದೇ ಪಾಠ ಇಡೀ ಉತ್ತರ ಕನ್ನಡ ಜಿಲ್ಲೆಗೆ ನಡೆಯುವುದಿಲ್ಲ. ಸಿರಸಿ ಇರುವುದು ಘಟ್ಟದ ಮೇಲೆ, 600 ಮೀಟರಿನ ಆಸುಪಾಸಿನಲ್ಲಿ. ಅಲ್ಲಿ ರಾತ್ರಿ ತಣ್ಣಗಾಗುತ್ತದೆ. ದಪ್ಪ ಮಣ್ಣಿನ ಗೋಡೆ ಹಗಲು ಹೀರಿದ ಬಿಸಿಯನ್ನು ಇರುಳಿನ ತಂಪಿಗೆ ಬಿಟ್ಟುಕೊಡುತ್ತದೆ. ಘಟ್ಟದ ಕೆಳಗೆ ಮೇ ತಿಂಗಳ ರಾತ್ರಿಯೂ ಬೆಚ್ಚಗೇ ಇರುತ್ತದೆ. ಬಿಸಿಲು ತಿಂದ ಕಾಂಕ್ರೀಟ್ ಸ್ಲ್ಯಾಬ್ ಮಲಗುವ ಹೊತ್ತಿಗೆ ಸರಿಯಾಗಿ ಬಿಸಿ ಉಗುಳುತ್ತದೆ. ಕರಾವಳಿಯಲ್ಲಿ ಗೋಡೆಯ ದಪ್ಪಕ್ಕಿಂತ ಮಾಡಿನ ನೆರಳು ಮುಖ್ಯ. ಸಂದಿಯಲ್ಲಿ ಉಸಿರಾಡುವ ಮಂಗಳೂರು ಹೆಂಚು ಇಲ್ಲಿ ಸುಮ್ನೆ ಉಳಿದು ಬಂದದ್ದಲ್ಲ.

ಹಾಗಾಗಿ ಕರಾವಳಿಯ ತರಬೇತಿ ಜನ ವಾಸವಿರುವ ಮನೆಯಲ್ಲೇ ನಡೆಯಲಿ. ಫ್ಯಾನ್ ಆರಿಸಿ ಊದುಬತ್ತಿ ಹಚ್ಚಿ, ಹೊಗೆ ಯಾವ ಕಿಟಕಿಯಿಂದ ಹೊರಗೆ ಹೋಗುತ್ತದೆ ನೋಡಿ. ಎದುರು ಗೋಡೆಯ ಕಿಟಕಿ ಮುಚ್ಚಿ. ಹೊಗೆ ನಿಂತಲ್ಲೇ ಸುತ್ತುತ್ತದೆ. ಗಾಳಿ ಒಳಗೆ ಬರಲು ಹೊರಹೋಗುವ ದಾರಿಯೂ ಬೇಕು ಅಂತ ಎರಡು ನಿಮಿಷದಲ್ಲಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಟೇಪ್ ಹಿಡಿದು ಆರನೇ ಒಂದು ಭಾಗ ಇದೆಯೇ ಅಂತ ಅಳೆಯಲಿ. ಇದಕ್ಕೆ ಅಕ್ಟೋಬರ್ ಒಳ್ಳೆಯ ತಿಂಗಳು. ಮಳೆ ಹಿಂದೆ ಸರಿದು ಸೆಖೆ ಶುರುವಾಗಿರುತ್ತದೆ, ಕಟ್ಟಡದ ಕೆಲಸ ಇನ್ನೂ ಜೋರಾಗಿರುವುದಿಲ್ಲ. ಎಂಜಿನಿಯರ್ ಜೊತೆ ಮೇಸ್ತ್ರಿಯನ್ನೂ ಬಡಗಿಯನ್ನೂ ಕರೆಯಬೇಕು. ಬಂದ ದಿನದ ಕೂಲಿಯನ್ನು ತರಬೇತಿಯ ಖರ್ಚಿನಲ್ಲೇ ಕೊಡಬೇಕು.